ಹೊಲ ನಮ್ಮದು, ಹೊಟ್ಟೆ ಬೇರೆ ಇಲಾಖೆ

(ಕುದೂರು. ರಾಗಿ ತರಬೇತಿ. ಕುರ್ಚಿಗಳಲ್ಲಿ ಗಂಡಸರು, ಬಾಗಿಲಾಚೆ ಹೆಂಗಸರು.)

ಸಾಹೇಬರು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲು ಕ್ಯಾಲ್ಸಿಯಂ!

ಅಕ್ಕ: ಕಳೆ ಕೀಳೋಳು, ತೆನೆ ಕೊಯ್ಯೋಳು, ಮುದ್ದೆ ತಿರುವೋಳು ನಾನು. ಕೊನೇಲಿ ಸೀಕು ಕೆರೆಯೋಳೂ ನಾನೇ. ನಂಗೇಳಿ ಸ್ವಾಮಿ.

ಸಾಹೇಬರು: ಪಹಣಿ ಯಾರ ಹೆಸರಲ್ಲಿದೆ?

ಅಕ್ಕ: ಮಾವಂದು.

ಸಾಹೇಬರು: ಅವರನ್ನೇ ಕಳಿಸಿ.

ಅಕ್ಕ: ತೀರ್ಕೊಂಡು ಹತ್ತು ವರ್ಷ ಆಯ್ತು.

ಸಾಹೇಬರು: ದಾಖಲೆಯಲ್ಲಿ ರೈತರೇ. (ಪಹಣಿಯಲ್ಲಿ ಯಾರೂ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.)

ಅಕ್ಕ: ಮಗಳಿಗೆ ರಕ್ತ ಕಮ್ಮಿ. ಏನು ಬೆಳೀಲಿ?

ಸಾಹೇಬರು: ರಕ್ತ ಆರೋಗ್ಯ ಇಲಾಖೆ, ಮೊಟ್ಟೆ ಅಂಗನವಾಡಿ. ನಾನು ಯೂರಿಯಾವರೆಗೆ ಮಾತ್ರ.

ಅಕ್ಕ: 2026 ರೈತ ಮಹಿಳೆಯರ ವರ್ಷ ಅಂತ ವಿಶ್ವಸಂಸ್ಥೆ ಸಾರಿದ್ಯಂತೆ?

ಸಾಹೇಬರು: ಅದಕ್ಕೇ ರಂಗೋಲಿ, ಆರತಿ ಪೂರಾ ನಿಮಗೇ ಬಿಟ್ಟಿದ್ದೀವಿ.

ಅಕ್ಕ: ಊಟಕ್ಕೆ?

ಸಾಹೇಬರು: ಅನ್ನ, ಸಾರು, ಮೈದಾ ಹೋಳಿಗೆ.

ಅಕ್ಕ: ರಾಗಿ?

ಸಾಹೇಬರು: ಫ್ಲೆಕ್ಸ್ ನೋಡ್ಲಿಲ್ವಾ?