ಲೇಪದತ್ತೆ

ನಮ್ಮ ಕಡೆ ಬಡಾವಣೆಗೊಬ್ಬಳು ಲೇಪದತ್ತೆ ಇದ್ದೇ ಇರುತ್ತಾಳೆ. ನೀವು ಎದುರಾದರೆ ಆಕೆ ಕ್ಷೇಮ ಕೇಳುವುದಿಲ್ಲ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾಳೆ. ತೀರ್ಪು ಒಂದೇ: ಉಷ್ಣ. ಮೊಡವೆಗೂ ಉಷ್ಣ, ಬಂಗಿಗೂ ಉಷ್ಣ, ಒಡೆದ ಹಿಮ್ಮಡಿಗೂ ಉಷ್ಣ. ಮಡಿಕೇರಿಯ ಜುಲೈ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದವನ ತುರಿಕೆಗೂ ಉಷ್ಣವೇ.

ಆಕೆಯದು ಬರೀ ಬುರುಡೆಯಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಲೋಳೆಸರ ಕೊಯ್ದರೆ ತಕ್ಷಣ ಮುಟ್ಟಗೊಡುವುದಿಲ್ಲ. ಎಲೆಯನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಹಳದಿ ಸೊನೆ ಪೂರ್ತಿ ಇಳಿಯುವ ತನಕ ಕಾಯಿಸುತ್ತಾಳೆ. ಆ ಸೊನೆ ತಾಗಿದರೆ ಮೈ ಕೆರೆಯುತ್ತದೆ, ನಿಜವೇ. ಕಸ್ತೂರಿ ಅರಿಶಿನವೆಂದು ಗ್ರಂದಿಗೆ ಅಂಗಡಿಯವನು ಏನೋ ಪೊಟ್ಟಣ ಕಟ್ಟಿದರೆ ಮೂಸಿ ನೋಡಿಯೇ ವಾಪಸ್ಸು: "ಇದು ಸಾರಿಗೆ ಹಾಕೋದು ಕಣೋ. ಕಸ್ತೂರಿ ಅಂದ್ರೆ ಕರ್ಪೂರದ ಘಮ ಬರಬೇಕು."

ಇಷ್ಟು ಬಲ್ಲವಳು ಅಷ್ಟಕ್ಕೆ ನಿಲ್ಲಬೇಕಲ್ಲ! ಹೋದ ಬೇಸಿಗೆಯಲ್ಲಿ ಎದುರುಮನೆ ಹುಡುಗನ ಮುಖಕ್ಕೆ ನಿಂಬೆರಸ ಸವರಿ, ಚೆನ್ನಾಗಿ ಒಣಗಲಿ ಎಂದು ತಾರಸಿಗೆ ಅಟ್ಟಿದಳು. ನಿಂಬೆಯೊಳಗಿನ ಫ್ಯೂರೊಕೌಮರಿನ್ ಎಂಬ ಪದಾರ್ಥ ಬಿಸಿಲಿನ ಜತೆ ಸೇರಿದರೆ ಚರ್ಮ ಸುಡುತ್ತದೆ. ಮರುದಿನ ಕೆನ್ನೆ ಕೆಂಪಾಯಿತು, ಬೊಬ್ಬೆ ಎದ್ದಿತು, ಕೊನೆಗೆ ಸುಟ್ಟ ಬದನೆಕಾಯಿ ಸಿಪ್ಪೆಯ ಬಣ್ಣಕ್ಕೆ ಬಂದು ನಿಂತಿತು. ಹುಡುಗನ ತಾಯಿ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದರೆ ಅತ್ತೆ ಜಗ್ಗಲಿಲ್ಲ. "ನೋಡಿದ್ಯಾ, ಒಳಗೆ ಎಷ್ಟು ಉಷ್ಣ ಕೂತಿತ್ತು!" ಚರ್ಮದ ಡಾಕ್ಟರು ಮುಲಾಮು ಕೊಟ್ಟು, ಬಿಸಿಲಿಗೆ ಹೋಗಬೇಡ ಎಂದು ಗದರಿಸಿ, ತಿಂಗಳುಗಟ್ಟಲೆ ಆದ ಮೇಲೆ ಕಲೆ ಮಾಸಿತು. ಅದೂ ನಿಂಬೆಯ ಖಾತೆಗೇ ಜಮೆ ಆಯಿತು ಅನ್ನಿ.

ಆಕೆಯ ಮುಂದೆ ಪೇಟೆಂಟ್ ಸುದ್ದಿ ಮಾತ್ರ ಎತ್ತಬಾರದು. ಗಾಯಕ್ಕೆ ಅರಿಶಿನ ಬಳಸುವುದಕ್ಕೆ ಅಮೆರಿಕದವರು 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಸಂಸ್ಕೃತ ಗ್ರಂಥ, 1953ರ ವೈದ್ಯಕೀಯ ಪತ್ರಿಕೆಯ ಲೇಖನ ಎಲ್ಲ ಮುಂದಿಟ್ಟು ವಾದಿಸಿ, 1997ರಲ್ಲಿ ಅದು ರದ್ದಾಯಿತು. ಅಷ್ಟೊಂದು ಕಾಗದಪತ್ರ ಯಾಕೆ ಬೇಕಿತ್ತು ಎಂಬುದು ಅತ್ತೆಯ ತಕರಾರು. "ನನ್ನನ್ನ ಕರೆಸಿದ್ರೆ ಆ ಆಫೀಸರ ಮುಖಕ್ಕೇ ಮೆತ್ತಿ ತೋರಿಸ್ತಿದ್ದೆ. ಕಡಲೆಹಿಟ್ಟು ಇಲ್ಲಿಂದಲೇ ಒಯ್ತಿದ್ದೆ ಬಿಡು, ಅಲ್ಲಿಯದು ನಂಬೋ ಹಾಗಿಲ್ಲ."