ಜಗದೋದ್ಧಾರಕ

ನಮ್ಮಲ್ಲಿ ಆಷಾಢದ ಗಾಳಿ ಬೀಸುವ ಹೊತ್ತಿಗೆ ಜಿನೀವಾದಲ್ಲಿ ಬೇಸಿಗೆ. ಲೋಕದ ಸಮಸ್ಯೆಗಳನ್ನೆಲ್ಲ ಎರಡು ಮೂರು ವಾರದಲ್ಲಿ ಕಲಿಸಿ ಕಳಿಸುವ ಸಮ್ಮರ್ ಸ್ಕೂಲುಗಳಿಗೆ ಅದೇ ಸುಗ್ಗಿ. ಜಯನಗರದ ಜಗದೋದ್ಧಾರಕ ಅಲ್ಲಿ ಬಂದಿಳಿಯುತ್ತಾನೆ. ಕೊರಳಲ್ಲಿ ಗುರುತಿನ ಚೀಟಿ, ಸೂಟ್‌ಕೇಸಿನಲ್ಲಿ ಅಮ್ಮ ತುರುಕಿದ ಚಟ್ನಿಪುಡಿ, ಕೋಟಿನ ಮೇಲೆ ಹದಿನೇಳು ಬಣ್ಣದ ಬಿಲ್ಲೆ. 2015ರಲ್ಲಿ ವಿಶ್ವಸಂಸ್ಥೆಯ 193 ದೇಶಗಳು ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಿಲ್ಲೆ ಅದು. ಬಡತನ ಒಂದು, ಹಸಿವು ಎರಡು ಎಂದು ಮಗ್ಗಿಯ ಹಾಗೆ ಒಪ್ಪಿಸಬಲ್ಲ. ಎಲ್ಲಕ್ಕೂ 2030ರ ಗಡುವು. ಆದ್ದರಿಂದಲೇ ಇವನಿಗೆ ಅಷ್ಟು ಅವಸರ.

ವಿಶ್ವಸಂಸ್ಥೆಯ ಕಚೇರಿಯೆದುರು ಹನ್ನೆರಡು ಮೀಟರ್ ಎತ್ತರದ, ಒಂದು ಕಾಲು ಮುರಿದ ಮರದ ಕುರ್ಚಿಯಿದೆ. ನೆಲಬಾಂಬು ನಿಷೇಧಿಸಿ ಎಂದು ಸಾರಲು 1997ರಲ್ಲಿ ನಿಲ್ಲಿಸಿದ್ದು. ಅದರಡಿ ಮುಖ ಗಂಭೀರ ಮಾಡಿಕೊಂಡು ಇವನದೊಂದು ಫೋಟೋ. ಗಾಂಭೀರ್ಯ ಸಾಲಲಿಲ್ಲವೆಂದು ಮತ್ತೆ ನಾಲ್ಕು.

ತರಗತಿಯಲ್ಲಿ "ಪ್ರಶ್ನೆಗಳಿವೆಯೇ?" ಎಂದರೆ ಮೊದಲು ಏಳುವುದು ಇವನ ಕೈ. ಕೇಳುವುದೇನೂ ಇರುವುದಿಲ್ಲ, "ಗ್ಲೋಬಲ್ ಸೌತಿನ ಪರವಾಗಿ" ಐದು ನಿಮಿಷ ಹೇಳುವುದಿರುತ್ತದೆ. ಗ್ಲೋಬಲ್ ಸೌತು ಇವನನ್ನು ಯಾವಾಗ ಆರಿಸಿತೋ ತಿಳಿಯದು. ಫೀಸು ಕಟ್ಟಿದ್ದಂತೂ ಅಪ್ಪ.

ಪ್ರತಿಭೆ ಪೂರ್ತಿ ಅರಳುವುದು ಹಾಸ್ಟೆಲಿನ ಅಡುಗೆಮನೆಯಲ್ಲಿ. ಸಿಂಕಿನ ತುಂಬ ಮುಸುರೆ ಪಾತ್ರೆ. ತೊಳೆಯುವವರು ಯಾರು? ಜಗದೋದ್ಧಾರಕ 1992ರ ರಿಯೋ ಘೋಷಣೆಯನ್ನೇ ಎತ್ತುತ್ತಾನೆ: ಹೊಣೆ ಎಲ್ಲರದೂ ಹೌದು, ಪಾಲು ಮಾತ್ರ ಸಮವಲ್ಲ. ಮೊದಲಿನಿಂದ ಕೊಳೆ ಮಾಡಿದವರು ಹೆಚ್ಚು ತೊಳೆಯಲಿ, ತಾನು ಬಂದದ್ದು ನಿನ್ನೆ ತಾನೇ. ಜರ್ಮನಿಯವನು ಎಲ್ಲರಿಗೂ ಒಂದೇ ಗಡುವು ಬೇಕೆನ್ನುತ್ತಾನೆ. ಬ್ರೆಜಿಲಿನವಳು ಸೋಪಿನ ಖರ್ಚು ಉಳ್ಳವರು ಕೊಡಲಿ ಎನ್ನುತ್ತಾಳೆ. ಅಮೆರಿಕದವನು ಒಪ್ಪಂದಕ್ಕೆ ಸಹಿ ಹಾಕುತ್ತಾನೆ, ಆಮೇಲೆ ಹೊರಗೆ ಹೋಗುತ್ತಾನೆ, ಮತ್ತೆ ಒಳಗೆ ಬರುತ್ತಾನೆ, ಮತ್ತೆ ಹೋಗುತ್ತಾನೆ. ನಡುರಾತ್ರಿಗೆ ಒಮ್ಮತ ಮೂಡುತ್ತದೆ: ಒಂದು ಉಪಸಮಿತಿ. ಪಾತ್ರೆ ಇದ್ದಲ್ಲೇ ಇರುತ್ತದೆ.

ಪ್ರಮಾಣಪತ್ರ ಹಿಡಿದು ಮನೆಗೆ ಬಂದವನು ಉಂಡ ತಟ್ಟೆ ಬಿಟ್ಟು ಏಳುತ್ತಾನೆ. "ತಟ್ಟೆ ಎತ್ತೋ" ಎಂದ ಅಮ್ಮನಿಗೂ ರಿಯೋ ಪಾಠವಾಗುತ್ತದೆ. ಅಮ್ಮ ಸಮಾಧಾನವಾಗಿ ಕೇಳಿಸಿಕೊಂಡು ಹೇಳುತ್ತಾಳೆ: "ಆಗ್ಲಪ್ಪ, ಹಳೇ ಲೆಕ್ಕಾನೇ ತೆಗಿ. ಇಪ್ಪತ್ತು ವರ್ಷದಿಂದ ಈ ಮನೇಲಿ ನೀನು ಉಂಡ ತಟ್ಟೆ ಎಷ್ಟು, ತೊಳೆದಿದ್ದು ಎಷ್ಟು? ನಿಧಾನಕ್ಕೆ ಕೂಡಿಸು. ಕೂಡಿಸ್ತಾ ಕೂಡಿಸ್ತಾ ಆ ಬಾಣಲೆನೂ ತಿಕ್ಕು."