ನಾಗಂದಿಗೆಯ ಮೂಲಕರ್ತೃ ಯಾರು? – ಒಂದು ಸಂಶೋಧನೆ

ಗೋಡೆಗೆ ನಾಗಂದಿಗೆ ಹೂಡುವ ವಿದ್ಯೆ ಬಡಗಿಗಳಿಂದ ಬಂತೆಂಬುದು ವಿದ್ವಾಂಸರಲ್ಲಿ ಬೇರೂರಿದ ಭ್ರಮೆ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಯಾವುದಾದರೂ ಹಲಸಿನ ಬೊಡ್ಡೆಯ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತರೆ ಈ ಭ್ರಮೆ ಕಳಚುತ್ತದೆ. ಅಲ್ಲಿ ಮೊಳೆಯಿಲ್ಲದ, ಬೆಣೆಯಿಲ್ಲದ, ಮರದಷ್ಟೇ ಗಟ್ಟಿಯಾದ ನಾಗಂದಿಗೆಯಿದೆ. ಮೂಲಕರ್ತೃ ಅಣಬೆ.

ಪೂರ್ವಪಕ್ಷ: ಅದು ಬಡಗಿಯನ್ನು ನೋಡಿ ಕಲಿತಿರಬಾರದೇಕೆ?

ಉತ್ತರ: ರಸಮಟ್ಟ. ಅಣಬೆ ಭೂಮಿಯ ಸೆಳೆತವನ್ನೇ ರಸಮಟ್ಟ ಮಾಡಿಕೊಂಡಿದೆ. ನಿಂತ ಮರ ಉರುಳಿತೆನ್ನಿ, ಹಳೆಯ ನಾಗಂದಿಗೆ ಸೆಟೆದು ನಿಲ್ಲುತ್ತದೆ. ಹೊಸ ಬೆಳವಣಿಗೆ ಮಾತ್ರ ಅದಕ್ಕೆ ಅಡ್ಡಲಾಗಿ, ಮತ್ತೆ ನೆಲಕ್ಕೆ ಸಮವಾಗಿ ಹೊರಡುತ್ತದೆ. ಮನೆ ವಾಲಿತೆಂದು ಕರೆಯದೆ ಬಂದು ಕೆಲಸ ಸರಿಪಡಿಸಿಕೊಟ್ಟ ಬಡಗಿ ನಮ್ಮ ಸೀಮೆಯಲ್ಲಿ ದಾಖಲಾಗಿಲ್ಲ.

ಎರಡನೆಯ ಆಕ್ಷೇಪ ತುಸು ಗಂಭೀರ: ಈ ನಾಗಂದಿಗೆಯ ಮೇಲೆ ಏನೂ ಇಟ್ಟಿರುವುದಿಲ್ಲವಲ್ಲ? ಆಕ್ಷೇಪಿಸುವವರು ಬಗ್ಗಿ ನೋಡಿಲ್ಲ. ಸಾಮಾನೆಲ್ಲ ಕೆಳಗಿದೆ. ಅಡಿಯಲ್ಲಿ ಸೂಜಿಮೊನೆಯಂಥ ಅಸಂಖ್ಯ ರಂಧ್ರಗಳು. ಗ್ಯಾನೋಡರ್ಮಾ ಕುಲದ ಒಂದು ದೊಡ್ಡ ಅಣಬೆ ಅವುಗಳಿಂದ ದಿನಕ್ಕೆ ಸುಮಾರು 3,000 ಕೋಟಿ ಬೀಜಾಣು ಉದುರಿಸಬಲ್ಲದು. ಅವುಗಳಲ್ಲಿ ಕೆಲವು ಗಾಳಿಗೆ ತೇಲಿ ಮೇಲೆಯೇ ಕಂದು ಪುಡಿಯಾಗಿ ಕೂರುತ್ತವೆ. ಅಂದರೆ ಧೂಳು ಹಿಡಿಯುವ ಗುಣವೂ ನಾಗಂದಿಗೆಗೆ ಹುಟ್ಟಿನಿಂದಲೇ ಬಂದದ್ದು. (ನಮ್ಮ ಮನೆಯವರು ಇದನ್ನು ಇನ್ನೂ ಒಪ್ಪಿಲ್ಲ.)

ಒಂದು ದೋಷವನ್ನು ಮುಚ್ಚಿಡಲಾಗದು. ಬಡಗಿ ಗೋಡೆಗೆ ಹಲಗೆ ಹೊಡೆಯುತ್ತಾನೆ. ಅಣಬೆ ಗೋಡೆಯನ್ನೇ ತಿಂದು ಹಲಗೆ ಮಾಡುತ್ತದೆ. ಅಡಿಕೆ ಬೆಳೆಗಾರರಿಗೆ ಇದರಲ್ಲಿ ಪಾಂಡಿತ್ಯ ಹೇಳಿಕೊಡಬೇಕಿಲ್ಲ. ಅಣಬೆ ರೋಗದ ತೋಟದಲ್ಲಿ ಬುಡಕ್ಕೆ ನಾಗಂದಿಗೆ ಮೂಡುವಷ್ಟರಲ್ಲಿ ಮರದೊಳಗಿನ ಕೆಲಸ ಮುಗಿದಿರುತ್ತದೆ. ಬೇರಿಂದ ಬೇರಿಗೆ ದಾಟದಂತೆ ಸುತ್ತ ಕಂದಕ ತೋಡುವುದಷ್ಟೇ ಉಳಿಯುವುದು.

ವಿದೇಶಿ ಆಧಾರವೂ ಉಂಟು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಳಿ ಬರ್ಚ್ ಮರದ ಅಣಬೆಯ ಎರಡು ತುಂಡು ತೊಗಲ ಪಟ್ಟಿಗೆ ಪೋಣಿಸಿಕೊಂಡಿದ್ದವು. ಔಷಧಿಗಿರಬೇಕೆಂದು ಹಲವರ ಊಹೆ. ಪ್ರಯಾಣಕ್ಕೆ ಮಡಚುವ ನಾಗಂದಿಗೆ ಎಂಬುದು ಪ್ರಸ್ತುತ ಲೇಖಕನ ಮತ.

ಕೊನೆಯದಾಗಿ ಪ್ರಯೋಗ. ಮೂರು ವರ್ಷದ ಕೆಳಗೆ ಹಿತ್ತಲ ಬೊಡ್ಡೆಯ ಅಣಬೆಯ ಮೇಲೆ ನನ್ನ ಸುಣ್ಣದ ಡಬ್ಬಿ ಇಟ್ಟು ಮರೆತೆ. ಅಂಚು ಬೆಳೆಯುತ್ತ ಬೆಳೆಯುತ್ತ ಡಬ್ಬಿಯನ್ನು ತಬ್ಬಿಕೊಂಡಿತು. ಈಗ ಮುಚ್ಚಳ ಮಾತ್ರ ಕಾಣುತ್ತದೆ. ಎಲೆ ಹಾಕಿಕೊಳ್ಳಬೇಕೆಂದಾಗ ಹಿತ್ತಲಿಗೇ ಹೋಗುತ್ತೇನೆ.